ಪಕ್ಕದ ಹಾಸಿಗೆಯಿಂದ ಬಂದದ್ದು

ಆಸ್ಪತ್ರೆಯ ಸಿಬ್ಬಂದಿ ವಸತಿ, ಎರಡನೇ ಮಹಡಿ
ಗುರುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಣಿಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಬೇಯಿಸಿ ಹಾಕುವ ನೀನು ಮಾತ್ರ ನಿಂತುಕೊಂಡೇ ಉಣ್ಣುತ್ತೀಯ ಎಂದು ಅಮ್ಮ ಮಲಗಿದಲ್ಲಿಂದಲೇ ಬೈಯುತ್ತಾಳೆ. ಬೈಯುವಷ್ಟು ಶಕ್ತಿ ಬಂದಿದೆ ಎಂದು ತಿಳಿದುಕೋ. ಮೂತ್ರದ ಸೋಂಕೆಂದು ನಮ್ಮ ಆಸ್ಪತ್ರೆಗೇ ಸೇರಿಸಿದ್ದನ್ನು ಹೋದ ಕಾಗದದಲ್ಲಿ ಬರೆದಿದ್ದೆ. ಜ್ವರ ನಿನ್ನೆಯಿಂದ ಇಳಿಯುತ್ತಿದೆ. ಅಲ್ಲಿ ಫೋನ್ ಸಿಗದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ, ಇದನ್ನೆಲ್ಲ ಬಾಯಲ್ಲಿ ಹೇಳುವ ತ್ರಾಣ ನನಗಿಲ್ಲ. ಇಪ್ಪತ್ತೆರಡು ವರ್ಷ ನಿಂತು ದುಡಿದ ಕಾಲು ಈಗ ಕೂತರೂ ನೋಯುತ್ತದೆ.

ನಿನಗೊಂದು ಕತೆ ಹೇಳಬೇಕು. ಇದನ್ನು ಮೊದಲು ಹೇಳಿದವರು ನಮ್ಮ ಲ್ಯಾಬಿನ ಡಾಕ್ಟರಮ್ಮ, ಸೋಮವಾರ ಮಧ್ಯಾಹ್ನ, ಚಹಾ ಆರಿ ಕೆನೆ ಕಟ್ಟುವವರೆಗೆ. ಕೇಳಿದವರು ಮೂವರು: ನಾನು, ಅಮ್ಮನ ವಾರ್ಡಿನ ದೊಡ್ಡ ನರ್ಸ್, ಮತ್ತು ನನ್ನ ಜೊತೆ ಕೆಲಸ ಮಾಡುವ ‘ಗಡಿಯಾರ’. ಐದು ಹೊಡೆದ ಮೇಲೆ ಒಂದು ನಿಮಿಷವೂ ನಿಲ್ಲದ ಮನುಷ್ಯ, ಅದಕ್ಕೇ ಆ ಹೆಸರು. ಆದರೆ ಕತೆಗೆ ಮುಂಚೆ ನನ್ನ ಘನಕಾರ್ಯ ಕೇಳು.

ನಮ್ಮ ಕೆಲಸ ನಿನಗೆ ಗೊತ್ತಲ್ಲ. ರೋಗಿಯ ಮೂತ್ರದ ಹನಿಯನ್ನು ತಂತಿಯ ಕುಣಿಕೆಯಿಂದ ತಟ್ಟೆಯ ಮೇಲೆ ಬಳಿದು ಬ್ಯಾಕ್ಟೀರಿಯಾ ಬೆಳೆಸುತ್ತೇವೆ, ಮೇಲೆ ಔಷಧಿಯ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬಟ್ಟಬಯಲು, ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆ. ಶನಿವಾರ ನಾಲ್ಕನೇ ಹಾಸಿಗೆಯ ದರ್ಜಿ ಹೆಂಗಸಿನ ತಟ್ಟೆಯನ್ನೂ ಐದನೇ ಹಾಸಿಗೆಯ ಅಮ್ಮನ ತಟ್ಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬ್ಯಾಕ್ಟೀರಿಯಾಗಳು ಎರಡು ಬೇರೆ ಬೇರೆ ಜಾತಿಯವು. ಆದರೂ ಎರಡೂ ಅವೇ ಐದು ಔಷಧಿಗಳಿಗೆ ಬಗ್ಗಿಲ್ಲ, ಆರನೆಯದಕ್ಕೆ ಮಾತ್ರ ಸತ್ತಿವೆ. ಬೇರೆ ಬೇರೆ ಮನೆಯ ಮಕ್ಕಳಿಗೆ ಒಂದೇ ಜಾಗದಲ್ಲಿ ಐದು ಮಚ್ಚೆ ಇದ್ದ ಹಾಗೆ! ಹೀಗೆ ಕಂಡರೆ ತಂತಿ ಸರಿಯಾಗಿ ಕಾಯಿಸದೆ ಒಂದರದ್ದು ಇನ್ನೊಂದಕ್ಕೆ ಬೆರೆತಿದೆ ಎಂದೇ ನಮ್ಮಲ್ಲಿ ಲೆಕ್ಕ. “ಅಕ್ಕಾ, ಕೆಂಪಗೆ ಕಾಯಿಸೇ ಬಳಿದಿದ್ದೀನಿ, ನಿಮ್ಮಾಣೆ” ಎಂದ ಗಡಿಯಾರ. “ನನ್ನಾಣೆ ಯಾಕಪ್ಪ, ನಾನಿನ್ನೂ ನಾಲ್ಕು ದಿನ ಬದುಕಬೇಕು. ನಿನ್ನ ಕಣ್ಣು ಐದು ಗಂಟೆ ಮೇಲಿತ್ತು” ಎಂದು ಎಲ್ಲರ ಮುಂದೆ ಆಡಿದೆ. ಎರಡೂ ತಟ್ಟೆ ಎಸೆದು, ಹೊಸ ಮಾದರಿ ತರಿಸಿ, ನಾನೇ ಬಳಿದೆ.

ಸೋಮವಾರ ಮತ್ತೆ ಅದೇ ಬಂತು. ಆ ಎರಡು ದಿನ ಅಮ್ಮನ ನರಕ್ಕೆ ಹನಿಯುತ್ತಿದ್ದದ್ದು ಆ ಐದು ದಂಡದ ಔಷಧಿಗಳಲ್ಲೊಂದು, ನೀರು ಹೊಯ್ದ ಹಾಗೆ. ಭಾನುವಾರ ಅವಳು ನನ್ನ ಗುರುತು ಹಿಡಿಯದೆ ನಿನ್ನ ಹೆಸರು ಕೂಗಿದಳು.

ಡಾಕ್ಟರಮ್ಮ ಕೂಡಲೇ ಇಬ್ಬರಿಗೂ ಆ ಆರನೇ ಔಷಧಿ ಹಾಕಿಸಿದರು. ನನ್ನನ್ನು ಬೈಯಲಿಲ್ಲ, ಕೂರಿಸಿ ಕತೆ ಹೇಳಿದರು. “ತಾಯಿಯಂತೆ ಮಗಳು ಅನ್ನೋದು ನಮ್ಮಂಥವರಿಗೆ ಕಣ್ರೀ. ಈ ಬ್ಯಾಕ್ಟೀರಿಯಾಗಳಿಗೆ ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನೋದೇ ವೇದ” ಎಂದರು. ಔಷಧಿಯನ್ನು ಸೋಲಿಸುವ ವಿದ್ಯೆ ಬರೆದ ಒಂದು ಸಣ್ಣ ಉಂಗುರ ಇವುಗಳೊಳಗೆ ಇರುತ್ತದಂತೆ. ಪಕ್ಕದಲ್ಲಿ ಯಾವ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿದರೂ ಸರಿ, ಒಂದು ಎಳೆ ಚಾಚಿ ಆ ಉಂಗುರದ ನಕಲನ್ನು ದಾಟಿಸುತ್ತವೆ. ಸತ್ತ ನೆರೆಯವನ ಚೂರನ್ನೂ ಎತ್ತಿಕೊಳ್ಳುತ್ತವೆ. ಹೆತ್ತವರಿಂದ ಇಳಿದು ಬರಲು ಕಾಯುವುದಿಲ್ಲ, ಅಡ್ಡಡ್ಡಲಾಗಿ ಬರುತ್ತದೆ. ಜೀವಕುಲವೆಂದರೆ ಕವಲೊಡೆಯುತ್ತಾ ಹೋಗುವ ಮರ ಎಂದು ನಾವು ಓದಿದ್ದು ಅರ್ಧ ಮಾತ್ರ, ಆ ಕೊಂಬೆಗಳ ನಡುವೆ ಬಳ್ಳಿಗಳೂ ಹಬ್ಬಿವೆ ಎಂದರು. ಗಿಡದ ರಸ ಹೀರುವ ಒಂದು ಪುಟ್ಟ ಹೇನು ತನ್ನ ಕೆಂಪು ಬಣ್ಣದ ವಿದ್ಯೆಯನ್ನು ಯಾವುದೋ ಕಾಲದಲ್ಲಿ ಬೂಷ್ಟಿನಿಂದ ಪಡೆದಿದೆಯಂತೆ. ಇನ್ನೂ ಒಂದು ಮಾತು ಹೇಳಿದರು ಅಕ್ಕಾ: ಬಸಿರಲ್ಲಿ ತಾಯಿಗೂ ಮಗುವಿಗೂ ನಡುವೆ ಇರುವ ಮಾಸಿನ ಪೊರೆ ಹೆಣೆಯುವ ವಿದ್ಯೆ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಿಕರೊಳಗೆ ಹೊಕ್ಕ ಒಂದು ವೈರಸ್ಸಿನದಂತೆ. ಅಮ್ಮ ನಮ್ಮಿಬ್ಬರನ್ನು ಹೊತ್ತದ್ದೂ ಯಾರೋ ದಾರಿಹೋಕನ ಉಪಕಾರದಿಂದ.

ಇದನ್ನೆಲ್ಲ ನಾನೂ ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ. ಕಣ್ಣೆದುರು ಬಂದು ನಿಂತಾಗ ಮಾತ್ರ ಗಡಿಯಾರನ ತಪ್ಪಾಗಿ ಕಂಡಿತು. ಸಂಜೆ ಅಮ್ಮನಿಗೆ ಎಲ್ಲ ಒಪ್ಪಿಸಿದೆ. ಕಣ್ಣು ಬಿಡದೆಯೇ, “ನನ್ನ ಹತ್ರ ಯಾಕೆ ಅಳ್ತೀಯೇ? ಬೈಸಿಕೊಂಡೋನು ಅವನು” ಎಂದಳು.

ಮರುದಿನ ಬೆಳಿಗ್ಗೆ ದೊಡ್ಡ ನರ್ಸ್ ಅಮ್ಮನ ಮಂಚವನ್ನು ದರ್ಜಿಯ ಪಕ್ಕದಿಂದ ಕಿಟಕಿಯ ಕಡೆಗೆ ತಾನೇ ತಳ್ಳಿದಳು, ಹಾಸಿಗೆಯಿಂದ ಹಾಸಿಗೆಗೆ ಕೈಗವಸು ಬದಲಿಸದವರನ್ನು ಬಾಗಿಲಲ್ಲೇ ತಡೆದಳು. ನಾನು ಎಲ್ಲರೆದುರು ಗಡಿಯಾರನಿಗೆ ತಪ್ಪಾಯಿತು ಎಂದೆ. ಅವನು ತಲೆ ಎತ್ತದೆ, “ಆಯ್ತು ಬಿಡಿ ಅಕ್ಕಾ, ತಂತಿ ಕಾದಿದೆ, ಕೊಡಿ ಮುಂದಿನ ತಟ್ಟೆ” ಎಂದ. ಅವತ್ತು ಏಳು ಗಂಟೆಯವರೆಗೆ ಕೆಲಸ ಮಾಡಿದ.

ಅಮ್ಮನ ಆಶೀರ್ವಾದಗಳು. ಹೊಟ್ಟೆಗೆ ಸರಿಯಾಗಿ ತಿನ್ನು, ಕೂತುಕೊಂಡು.

ನಿನ್ನ ತಂಗಿ

ಕೊನೆಗೊಂದು ಮಾತು: ಕಾಗದ ಮಡಚುವಷ್ಟರಲ್ಲಿ ಲ್ಯಾಬಿನಿಂದ ಕರೆ ಬಂತು, ಹೋಗಿ ಬಂದು ಬರೆಯುತ್ತಿದ್ದೇನೆ. ದರ್ಜಿಯ ಹೊಸ ತಟ್ಟೆಯಲ್ಲಿ ಆರನೇ ಬಿಲ್ಲೆಯ ಅಂಚಿನವರೆಗೂ ಬೆಳೆದಿದೆ. ಈ ಸಲ ಎಸೆಯಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರಮ್ಮನ ಹತ್ತಿರ ಓಡಿದೆ. ದರ್ಜಿಯೂ ಅಮ್ಮನೂ ಮಂಗಳವಾರದವರೆಗೆ ಅಕ್ಕಪಕ್ಕದಲ್ಲೇ ಮಲಗಿದ್ದರಲ್ಲ. ಅಮ್ಮನ ತಟ್ಟೆ ನಾಳೆ ಬೆಳಿಗ್ಗೆ ತೆರೆಯುತ್ತೇವೆ. ನೀನು ಅದಕ್ಕೆ ಕಾಯಬೇಡ, ರಜೆ ಕೊಡದಿದ್ದರೂ ಹೊರಡು.