ಇಂದ್ರವ್ವನ ಎರಡನೇ ಯಂತ್ರದ ಹುಟ್ಟುಪಾಠ

ಗದಗ, ೩೦ ಫೆಬ್ರವರಿ ೨೩೧೨

ಸುಮಾರು ಮುನ್ನೂರು ವರ್ಷಗಳ ಹಿಂದೆ, ಸ್ವಂತದ ಎರಡು ಕಂಪ್ಯೂಟರುಗಳ ನಡುವೆ ಚಿಪ್ಪಿನ ಫರ್ಮ್‌ವೇರ್ ಪ್ರತಿ ಮಾಡಿದರೆ ಕಾನೂನು ಒಪ್ಪುತ್ತದೆಯೇ ಎಂದು ಕೇಳಿದ್ದ ಹಿರಿಯರಿಗೆ,

ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ದಿನ, ದಿನಾಂಕ ತಪ್ಪೆಂದುಕೊಳ್ಳಬೇಡಿ. ಪದಗಳು ವಿಚಿತ್ರವೆನಿಸಿದರೂ ಮನ್ನಿಸಿ. ನೀವು ಫರ್ಮ್‌ವೇರ್ ಎಂದದ್ದು ನಮಗೆ ‘ಹುಟ್ಟುಪಾಠ’: ಯಂತ್ರ ಎಚ್ಚರಗೊಂಡೊಡನೆ ತಾನು ಯಾರು, ಏನು ಮಾಡಬೇಕು ಎಂದು ಚಿಪ್ಪಿನಿಂದ ಓದಿಕೊಳ್ಳುವ ಮೊದಲ ಪಾಠ. ನಾನು ಚಂಪಾವತಿ ಹೊಂಬಳ, ಇಲ್ಲಿನ ನ್ಯಾಯಕಟ್ಟೆಯ, ಅಂದರೆ ನಿಮ್ಮ ಮಾತಿನ ಕೋರ್ಟಿನ, ದಾಖಲೆಗಾರ್ತಿ.

ಈಗ ಹಾಳಾದ ಯಂತ್ರವನ್ನು ಯಾರೂ ಎಸೆಯುವುದಿಲ್ಲ. ಓಣಿಗೊಂದು ರಿಪೇರಿ ಅಂಗಡಿ ಇದೆ; ಜನ ಮಿಕ್ಸರನ್ನೂ ನೀರಿನ ಮೋಟರನ್ನೂ ಹೊತ್ತು ತಂದು, ಸರದಿ ಬರುವ ತನಕ ಚಹಾ ಕುಡಿಯುತ್ತ ಕೂರುತ್ತಾರೆ. ಅಂಥದೊಂದು ಅಂಗಡಿಗೆ ಹೋದ ವರ್ಷ ಇಂದ್ರವ್ವ ಬಡಿಗೇರ ಬಂದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಾಣದ ಮಕ್ಕಳಿಗೆ ಬ್ರೈಲ್ ಪುಸ್ತಕ ಅಚ್ಚು ಹಾಕುವುದು ಅವರ ಕಸುಬು. ಅವರ ಬಳಿಯಿದ್ದ ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಅಚ್ಚುಯಂತ್ರಗಳಲ್ಲಿ ಒಂದರ ಚಿಪ್ಪು ಸಿಡಿಲಿಗೆ ಸುಟ್ಟಿತ್ತು. ಶಾಲೆ ತೆರೆಯಲು ತಿಂಗಳಿತ್ತು. ರೇಖಾಗಣಿತದ ಪುಸ್ತಕ ಅರ್ಧವೂ ಆಗಿರಲಿಲ್ಲ. ಕಂಪನಿ ಬರೀ ಚಿಪ್ಪು ಮಾರುವುದಿಲ್ಲ, ಹೊಸ ಯಂತ್ರವನ್ನೇ ಕೊಳ್ಳಿ ಎಂದಿತು.

“ಚಲೋ ಇರೋದರಾಗಿಂದು ಪ್ರತಿ ಮಾಡಿ ಇದಕ್ಕ ಹಾಕ್ತೀನ್ರೀ ಅವ್ವಾರ,” ಎಂದರಂತೆ ರಿಪೇರಿಯ ಮೌಲಾಸಾಬ್ ನದಾಫ್. “ಯಾರಿಗೂ ಗೊತ್ತಾಗಂಗಿಲ್ಲ.”

“ನನಗ ಗೊತ್ತಿರತೈತಲ್ಲೋ. ಎರಡೂ ನನ್ನವ ಅದಾವು, ಕಳ್ಳರಂಗ ಯಾಕ ಮಾಡಬೇಕು?” ಎಂದವರೇ ಇಂದ್ರವ್ವ ನ್ಯಾಯಕಟ್ಟೆಗೆ ಬಂದರು.

“ಯಂತ್ರ ಅವರದೇ, ಆದರೆ ಪಾಠ ನಮ್ಮದು. ಆ ಚಿಪ್ಪಿನಲ್ಲಷ್ಟೇ ಬಳಸಲು ಅನುಮತಿ,” ಎಂದು ಕಂಪನಿಯ ವಕೀಲರು ಕರಾರು ಓದಿದರು.

“ಪಾಠ ನಿಮ್ಮದ ಇರಲಿರೀ. ನಾ ಮಾರಾಕ ಹೊಂಟಿಲ್ಲ. ಎರಡು ಮಷಿನ್ ತಗೊಂಡಾಗ ಎರಡು ಪಾಠ ತಗೊಂಡೀನಿ. ಒಂದು ಸುಟ್ಟೈತಿ, ಅಷ್ಟ,” ಎಂದರು ಇಂದ್ರವ್ವ.

ನ್ಯಾಯಾಧೀಶೆ ಶಕುಂತಲಾ ಅಬ್ಬಿಗೇರಿ ಹಳೆಯ ಕಾಲದವರು ಏನು ಮಾಡುತ್ತಿದ್ದರೆಂದು ಹುಡುಕಲು ನನಗೆ ಹೇಳಿದರು. ಹಾಗೆ ಹುಡುಕುವಾಗ ನಿಮ್ಮ ಕಾಲದ ಅಂತರ್ಜಾಲದ ಒಂದು ಚರ್ಚಾಪುಟದಲ್ಲಿ ನಿಮ್ಮ ಪ್ರಶ್ನೆ ಸಿಕ್ಕಿತು. ಕೆಳಗೆ ಹದಿನೇಳು ಉತ್ತರಗಳು. ಒಬ್ಬರು ಮಾಡಬಹುದು ಎಂದರೆ, ಇನ್ನೊಬ್ಬರು ಕರಾರು ಓದಿ ಎಂದಿದ್ದರು. ಹೆಚ್ಚಿನವರು, ಯಾರು ಬಂದು ನೋಡುತ್ತಾರೆ ಎಂದು ಕೈತೊಳೆದುಕೊಂಡಿದ್ದರು. ಮೂರು ದಿನ ಓದಿದೆ. ಕೊಂಡದ್ದು ಎಷ್ಟರ ಮಟ್ಟಿಗೆ ತನ್ನದು ಎಂಬುದು ನಿಮ್ಮವರಿಗೂ ಖಚಿತವಿರಲಿಲ್ಲ ಎನ್ನುವುದೇ ನನಗೆ ಸೋಜಿಗ.

ಸುಟ್ಟ ಚಿಪ್ಪನ್ನು ಕಟ್ಟೆಗೆ ಒಪ್ಪಿಸಿ ಅದರ ಬದಲಿಗೆ ಒಂದೇ ಒಂದು ಪ್ರತಿ ಮಾಡಿಕೊಳ್ಳಬಹುದು, ಮೂರನೇ ಯಂತ್ರಕ್ಕೆ ಹಾಕುವಂತಿಲ್ಲ ಎಂದು ತೀರ್ಪಾಯಿತು. ಮೌಲಾಸಾಬ್ ಅಂದೇ ಪ್ರತಿ ಮಾಡಿದರು. ಯಂತ್ರವೇನೋ ಎದ್ದಿತು, ಆದರೆ ಪಾಠದ ಜೊತೆ ಮೊದಲ ಯಂತ್ರದ ಗುರುತಿನ ಸಂಖ್ಯೆಯೂ ಬಂದುಬಿಟ್ಟಿತ್ತು. ಎರಡೂ ‘ನಾನೇ ಮೊದಲನೆಯದು’ ಎನ್ನುತ್ತಿದ್ದವು. ಒಂದೇ ಜಾಲಕ್ಕೆ ಜೋಡಿಸಿದ್ದರಿಂದ ಒಂದು ನಡೆದರೆ ಇನ್ನೊಂದು ನಿಲ್ಲುತ್ತಿತ್ತು. ಸಂಖ್ಯೆ ತಿದ್ದಿದರೆ ಪಾಠವನ್ನೇ ತಿದ್ದಿದಂತೆ ಎಂದು ವಕೀಲರು ಮತ್ತೆ ಎದ್ದರು. ಇಂದ್ರವ್ವ ಯಂತ್ರದ ಬೆನ್ನು ಸವರಿ, ಅಲ್ಲಿ ಕೆತ್ತಿದ್ದ ಸಂಖ್ಯೆಯನ್ನು ಬೆರಳಲ್ಲೇ ಓದಿ ಹೇಳಿದರು. “ಇದರ ಹೆಸರು ಇದಕ್ಕ ಕೊಡಸ್ರೀ, ಮತ್ತೇನೂ ಬ್ಯಾಡ.”

ನ್ಯಾಯಾಧೀಶೆ ಅದೇ ಸಂಖ್ಯೆಯನ್ನು ಆದೇಶದಲ್ಲಿ ಬರೆಸಿದರು. ಮೌಲಾಸಾಬ್ ಅದನ್ನು ಚಿಪ್ಪಿಗೆ ತುಂಬಿದ ಮೇಲೆ ಎರಡೂ ಯಂತ್ರಗಳು ಒಟ್ಟಿಗೆ ನಡೆದವು.

ಪುಸ್ತಕಗಳು ಹನ್ನೊಂದು ದಿನ ತಡವಾಗಿ ಶಾಲೆ ಸೇರಿದವು. ಮಕ್ಕಳು ತ್ರಿಕೋನದ ಮೂಲೆಗಳನ್ನು ಮುಟ್ಟಿ ಮುಟ್ಟಿ ಜಗಳವಾಡಿದರಂತೆ. ಈ ತೀರ್ಪನ್ನು ಈಗ ಬೇರೆ ಊರುಗಳ ಕಟ್ಟೆಗಳೂ ಕೇಳಿ ತರಿಸಿಕೊಳ್ಳುತ್ತಿವೆ.

ನಿಮ್ಮ ಕಾಲದ ಕಾನೂನನ್ನು ನಾನು ಹೇಳಲಾರೆ; ನಮ್ಮದನ್ನು ಹೇಳಿದ್ದೇನೆ. ಪ್ರತಿ ಮಾಡುವಾಗ ಸಂಖ್ಯೆಯನ್ನು ಮರೆಯಬೇಡಿ. ಹದಿನೇಳನೇ ಉತ್ತರದ ನಂತರ ನೀವು ಮತ್ತೇನೂ ಬರೆದಿಲ್ಲ. ನಿಮ್ಮ ಇನ್ನೊಂದು ಕಂಪ್ಯೂಟರ್ ಕೊನೆಗೂ ಎದ್ದಿತೇ? ಎಲ್ಲಾದರೂ ಒಂದು ಸಾಲು ಬರೆದಿಡಿ. ಹುಡುಕುತ್ತೇನೆ.

ಇಂತಿ,
ಚಂಪಾವತಿ ಹೊಂಬಳ