ಹಸಿ ಸೌದೆ

ಪ್ರೀತಿಯ ಜೋಸೆಟ್,

ನಿನ್ನ ಅಮ್ಮ ಹೇಳುತ್ತಿದ್ದ ಒಂದು ಮಾತು ಬೆಳಗಿನಿಂದ ಅರ್ಧ ನೆನಪಾಗುತ್ತಿದೆ. "ಕೊಟ್ಟವರ ಹೆಸರು ಕೇಳಬೇಡ" ಎಂಬಲ್ಲಿಯವರೆಗೆ ಸರಿಯಾಗಿ ಬರುತ್ತದೆ. ಆಮೇಲೆ ಏನಿತ್ತು? "ಹೊಗೆ ಎದ್ದಿತೇ ನೋಡು" ಎಂದೋ, "ಬೆಂಕಿ ಆರದಂತೆ ನೋಡು" ಎಂದೋ? ನಾವಿಬ್ಬರೂ ಶಾಲೆಗೆ ಹೊರಡುವ ಮುಂಚೆ ಅವಳು ಒಲೆಯ ಮುಂದೆ ಪ್ಲೋಯ್ ಹುಯ್ಯುತ್ತಾ ಇದನ್ನು ಹೇಳಿದ್ದು ಕಣ್ಣಿಗೆ ಕಟ್ಟಿದಂತಿದೆ. ಹುರುಳಿಹಿಟ್ಟಿನಂಥ ಆ ಕಂದು ದೋಸೆಯ ಮೇಲೆ ತೂತುಗಳೇಳುವುದು ಕಾಣುತ್ತದೆ, ಮಾತಿನ ಕೊನೆ ಕೇಳಿಸುವುದಿಲ್ಲ. ಇನ್ನೊಂದು ಸಂಶಯವೂ ಇದೆ. ಆ ಮಾತು ಪಡೆದವರಿಗೆ ಹೇಳಿದ್ದೋ, ಕೊಟ್ಟವರಿಗೆ ಹೇಳಿದ್ದೋ? ಇಷ್ಟು ವರ್ಷ ಪಡೆದವರಿಗೆ ಎಂದೇ ತಿಳಿದಿದ್ದೆ. ಈಗ ಖಾತ್ರಿಯಿಲ್ಲ.

ಇದೆಲ್ಲ ತಲೆಗೆ ಬಂದದ್ದು ಹೊಗೆಯಿಂದಲೇ. ಇಂದು ಶನಿವಾರ, ಕಚೇರಿಗೆ ರಜೆ. ಕಾಫಿ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಆಲೂಗಡ್ಡೆ ಹೊಲದಾಚೆ ನಿನ್ನ ಮನೆಯ ಹೊಗೆಗೂಡಿನಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ನೀವು ಬೀಗ ಹಾಕಿ ಹೋಗಿ ಐದು ವಾರವಾಯಿತು. ಹಿಂದಿರುಗಿದೆಯೇನೋ ಎಂದು ಕನೆಕ್ಟಿಕಟ್‌ಗೆ ಫೋನ್ ಮಾಡಿದೆ. ನಿನ್ನ ಅಣ್ಣ ನಾರ್ಮನ್ ಎತ್ತಿಕೊಂಡು, "ಅಮ್ಮನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದಾಳೆ, ಏನಾದ್ರೂ ಹೇಳ್ಬೇಕಾ?" ಎಂದ. ಏನೂ ಇಲ್ಲ ಎಂದು ಇಟ್ಟುಬಿಟ್ಟೆ. ಹೇಳುವುದಿತ್ತು, ಫೋನಿನಲ್ಲಿ ಆಗಲಿಲ್ಲ. ಅದಕ್ಕೇ ಈ ಕಾಗದ.

ಅಕ್ಟೋಬರ್‌ನಲ್ಲಿ ಒಂದು ಭಾನುವಾರ ನೀನೂ ಅಮ್ಮನೂ ಚರ್ಚಿಗೆ ಹೋಗಿ ಬರುವಷ್ಟರಲ್ಲಿ ನಿಮ್ಮ ಅಂಗಳದಲ್ಲಿ ಸೌದೆ ಬಿದ್ದಿತ್ತಲ್ಲ, ಚಳಿಗಾಲಕ್ಕೆಲ್ಲ ಸಾಕಾಗುವಷ್ಟು, ಅದನ್ನು ಹಾಕಿಸಿದವಳು ನಾನು.

ನಮ್ಮೂರಲ್ಲಿ ಇದು ಹೊಸದಲ್ಲ. ಯಾರದಾದರೂ ಮನೆಯಲ್ಲಿ ಕೆಲಸ ಹೋಯಿತೆಂದರೆ ಭಾನುವಾರ ಪೂಜೆಯ ಹೊತ್ತಿಗೆ ಸೌದೆ ಬೀಳುತ್ತದೆ, ಯಾರೆಂದು ಯಾರೂ ಕೇಳುವುದಿಲ್ಲ. ನಿನ್ನ ಭುಜದ ನರ ಹರಿದು, ಶಾಲೆಯ ಬಸ್ಸಿನ ಸ್ಟೇರಿಂಗ್ ತಿರುಗಿಸಲಾಗದೆ ನೀನು ಕೆಲಸ ಬಿಟ್ಟ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಸೌದೆ ಕಡಿದು ಮಾರುವ ಪಕ್ಕದ ಮನೆಯ ಲುಡ್ಜರ್ ಮಾವನಿಗೆ ಫೋನ್ ಮಾಡಿ, "ಜೋಸೆಟ್ ಮನೆಗೆ ಸೌದೆ ಹಾಕ್ಬೇಕು, ಹೆಸರು ಬೇಡ" ಎಂದೆ. "ಅಷ್ಟೇ ತಾನೆ" ಎಂದ ಅವನು. ಅಷ್ಟೇ ಎಂದೇ ನಾನೂ ತಿಳಿದೆ. ಆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ನವೆಂಬರ್ ನಡುವೆ ನೀನು ಊರ ಕಚೇರಿಗೆ ಬಂದೆ. ಅಲ್ಲಿ ನಾನು ನಾಯಿಗಳ ಪರವಾನಗಿ ಬರೆಯುತ್ತೇನೆ, ಸತ್ತವರ ದಾಖಲೆ ಇಡುತ್ತೇನೆ, ಮಂಗಳವಾರ ಮತ್ತು ಗುರುವಾರ ಊರ ನೆರವಿನ ಅರ್ಜಿ ತೆಗೆದುಕೊಳ್ಳುತ್ತೇನೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳಿಗೆ ಈ ಊರಲ್ಲಿ ಸಿಗುವ ಮೇಜು ಅದೊಂದೇ. ಮನೆ ಕಾಯಿಸುವ ಎಣ್ಣೆ ತೀರುತ್ತಾ ಬಂದಿದೆ, ಎಣ್ಣೆ ಕೊಳ್ಳಲು ಊರಿನಿಂದ ಒಂದು ಚೀಟಿ ಸಿಗಬಹುದೇ ಎಂದು ನೀನು ಕೇಳಿದೆ. ನೀನು ಕೇಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಶಾಲೆಯಲ್ಲಿ ನನ್ನ ರಬ್ಬರ್ ಕೂಡ ನೀನು ಕೇಳಿ ತೆಗೆದುಕೊಂಡವಳಲ್ಲ, ಕಿತ್ತುಕೊಂಡವಳು.

ಫಾರಂನ ಎರಡನೇ ಪುಟದಲ್ಲಿ ಒಂದು ಪ್ರಶ್ನೆಯಿದೆ: ಈಚೆಗೆ ನೆಂಟರು, ಸ್ನೇಹಿತರು ಅಥವಾ ಬೇರೆ ಯಾರಿಂದಲಾದರೂ ಸಹಾಯ ಸಿಕ್ಕಿದೆಯೇ? ಬಹಳ ಜನ ಇಲ್ಲ ಎನ್ನುತ್ತಾರೆ, ನಾನು ಮುಂದಿನದಕ್ಕೆ ಹೋಗುತ್ತೇನೆ. ನೀನು ನಿನ್ನ ಅಮ್ಮನ ಮಗಳು. "ಸೌದೆ ಬಂದಿದೆ" ಎಂದುಬಿಟ್ಟೆ ನೀನು.

ಯಾರು ಕೊಟ್ಟರು ಎಂದು ನಾನು ಕೇಳಲೇಬೇಕಿತ್ತು, ಅದಕ್ಕೂ ಒಂದು ಖಾನೆಯಿದೆ. ಕೇಳಿದೆ. ನನ್ನ ಬಾಯಿಂದಲೇ ಕೇಳಿದೆ, ಜೋಸೆಟ್.

"ದೇವ್ರು ಅಂತ ಬರ್ಕೊಳೇ" ಎಂದೆ ನೀನು. "ವಿಳಾಸಾನೂ ಬೇಕಾ? ಚರ್ಚಿನ ವಿಳಾಸ ಕೊಟ್ಬಿಡು, ಅಲ್ಲಿ ಭಾನುವಾರ ಸಿಗ್ತಾನೆ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೂ ನೀನು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚು ನೋಡಿದೆ. ಆ ನೋಟ ಏನೆಂದು ಇಂದಿಗೂ ತಿಳಿದಿಲ್ಲ. ನಾನು ಬರೆದುಕೊಂಡೆ: ಸೌದೆ ಇದೆ, ಚಳಿಗಾಲಕ್ಕೆ ಸಾಕು. ನಿಯಮ ಸರಳವಾಗಿದೆ. ಮನೆ ಕಾಯಿಸಲು ಒಂದು ದಾರಿ ಇದ್ದವರಿಗೆ ಎಣ್ಣೆಯ ಚೀಟಿಯಿಲ್ಲ. ನಿರಾಕರಣೆಯ ಪತ್ರಕ್ಕೆ ನಾನೇ ಸಹಿ ಹಾಕಿದೆ, ನನ್ನ ಉಡುಗೊರೆಯ ಆಧಾರದ ಮೇಲೆ. ಒಪ್ಪದಿದ್ದರೆ ಐದು ದಿನದೊಳಗೆ ಅಪೀಲು ಮಾಡಬಹುದೆಂದು ಕೆಳಗೆ ಬರೆದಿತ್ತು.

ಆ ಐದು ದಿನ ನಾನು ಏನು ಮಾಡಿದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಸೌದೆ ನನ್ನದು ಎಂದು ಹೇಳಿದ್ದರೆ, ಕೊಟ್ಟವಳೇ ಅರ್ಜಿ ನೋಡುವಂತಿಲ್ಲವೆಂದು ನಿನ್ನ ಅರ್ಜಿ ನನ್ನ ಕೈಯಿಂದ ಪಕ್ಕದ ಊರಿನ ಗುಮಾಸ್ತೆಗೆ ಹೋಗುತ್ತಿತ್ತು. ಹೇಳಲಿಲ್ಲ. ಹೇಳಿದರೆ ನಿನಗೆ ಮುಜುಗರವಾಗುತ್ತದೆ ಎಂದುಕೊಂಡೆ. ಗುಟ್ಟಾಗಿ ಕೊಟ್ಟದ್ದನ್ನು ಬಾಯಿಬಿಟ್ಟರೆ ಕೊಟ್ಟ ಹಾಗೇನಾಯಿತು ಎಂದುಕೊಂಡೆ. ಕೆಲಸ ಹೋಗಬಹುದು ಎಂಬ ಭಯವೂ ಇತ್ತು, ಅದನ್ನು ಕೊನೆಯಲ್ಲಿ ಬರೆಯುತ್ತಿದ್ದೇನೆ, ಮೊದಲು ಬರೆಯಬೇಕಿತ್ತೋ ಏನೋ. ಹೇಗೂ ಸೌದೆಯಿದೆ, ಬೆಚ್ಚಗಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಐದನೆಯ ದಿನ ನೀನು ಬಂದೆ. ಅಪೀಲಿಗೆ ಅಂದುಕೊಂಡೆ. ನೀನು ತಪ್ಪಿ ತೆಗೆದುಕೊಂಡು ಹೋಗಿದ್ದ ಕಚೇರಿಯ ಪೆನ್ನನ್ನು ಹಿಂದಿರುಗಿಸಲು ಬಂದಿದ್ದೆ. ಅಪೀಲು ಮಾಡುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಯಾರ ಮೇಲೆ ಮಾಡ್ಲಿ, ದೇವ್ರ ಮೇಲಾ?" ಎಂದೆ ನೀನು. ಆ ಸಲ ನಾವು ನಗಲಿಲ್ಲ.

ಡಿಸೆಂಬರ್ ಮೊದಲ ವಾರ ನಾರ್ಮನ್ ಕಾರು ತಂದು ನಿಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಅಮ್ಮನಿಗೆ ಕೆಮ್ಮು ಎಂದರು. ಮೂರು ದಿನದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರದ ಊಟವಿತ್ತು. ಲುಡ್ಜರ್ ಮಾವ ಬೀನ್ಸ್ ಬಡಿಸಿಕೊಳ್ಳುತ್ತಾ ನನ್ನ ಪಕ್ಕ ಬಂದು, "ಜಾಣೆ ಕಣೇ ನೀನು, ಮುಂದಿನ ವರ್ಷದ ಸೌದೆ ಈಗ್ಲೇ ಹಾಕ್ಸಿದೆ" ಎಂದು ಮೆಲ್ಲಗೆ ಹೇಳಿದ.

ಈ ಊರಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಈ ಚಳಿಯ ಸೌದೆಯನ್ನು ಹಿಂದಿನ ವಸಂತದಲ್ಲೇ ತರಿಸಿ ಒಣಗಿಸುತ್ತಾರೆ. ಅಕ್ಟೋಬರ್‌ನಲ್ಲಿ ಸೌದೆ ಕೇಳಿದರೆ ಮುಂದಿನ ವರ್ಷಕ್ಕೆಂದೇ ಅರ್ಥ. ಆಗಷ್ಟೇ ಕಡಿದ ಮೇಪಲ್ ಅನ್ನು ಮಾವ ಸುರಿದಿದ್ದ, ಅವನದೇನೂ ತಪ್ಪಿಲ್ಲ. ನಾನೂ ಇಲ್ಲೇ ಹುಟ್ಟಿದವಳು. ಆದರೆ ಎಣ್ಣೆಯಿಂದ ಕಾಯುವ ಮನೆಯಲ್ಲಿ ಕೂತು, ಕವಿತೆಯಲ್ಲಿ ಬೆಂಕಿ ಓದಿ ಓದಿ, ಸೌದೆಗೆ ಒಣಗಲು ವರ್ಷ ಬೇಕೆಂಬುದನ್ನು ಮರೆತುಬಿಟ್ಟೆ. ಹೊಲ ದಾಟಿ ಬಂದು ಒಂದು ತುಂಡನ್ನು ಕೈಯಲ್ಲಿ ಹಿಡಿದಿದ್ದರೆ ಭಾರದಿಂದಲೇ ತಿಳಿಯುತ್ತಿತ್ತು. ನವೆಂಬರ್ ಕೊನೆಯಲ್ಲಿ ನಿನ್ನ ಮನೆಯ ಮೇಲೆ ಏಳುತ್ತಿದ್ದ ದಟ್ಟ ಬಿಳಿ ಹೊಗೆಯನ್ನು ನಾನು ದಿನವೂ ಈ ಕಿಟಕಿಯಿಂದ ನೋಡಿದ್ದೇನೆ. ಎಷ್ಟು ಚೆನ್ನಾಗಿ ಉರಿಯುತ್ತಿದೆ ಎಂದು ಸಂತೋಷಪಟ್ಟಿದ್ದೇನೆ. ಅದು ಹಸಿ ಸೌದೆಯ ಹೊಗೆ. ಒಳಗೆ ನಿನ್ನ ಅಮ್ಮ ಕೆಮ್ಮುತ್ತಿದ್ದಳು.

ಒಂದು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ನಿನಗೆ ಗೊತ್ತಿತ್ತು. ಸೌದೆ ಹಸಿ ಎಂಬುದು ಮೊದಲ ದಿನವೇ ನಿನಗೆ ಗೊತ್ತಿರಬೇಕು. ಹಾಗಾದರೆ ಅಂದು ಮೇಜಿನ ಮುಂದೆ ಯಾಕೆ ಹೇಳಲಿಲ್ಲ? ಕೊಟ್ಟದ್ದಕ್ಕೆ ಹೆಸರಿಡಬಾರದು ಎಂದು ಅಮ್ಮ ಕಲಿಸಿದ್ದಕ್ಕೋ? ಅಥವಾ ಕೊಟ್ಟವಳು ಯಾರೆಂದೂ ಗೊತ್ತಿತ್ತೋ? ಒಂದು ಕ್ಷಣ ಹೆಚ್ಚು ನೋಡಿದ್ದು ಅದಕ್ಕೋ? ನಾನು ಬಾಯಿಬಿಡಲಿ ಎಂದು ಕಾದೆಯಾ, ನನ್ನ ಮಾನ ಉಳಿಸಲು ಸುಮ್ಮನಾದೆಯಾ? ಒಂದೊಂದು ಹೊತ್ತಿಗೆ ಒಂದೊಂದು ನಿಜವೆನಿಸುತ್ತದೆ. ಎರಡರಲ್ಲಿ ಯಾವುದು ನನಗೆ ಹೆಚ್ಚು ನೋವು ಕೊಡುತ್ತದೆಂಬುದೂ ತಿಳಿಯದು.

ಸೋಮವಾರ ಊರ ಮುಖ್ಯಸ್ಥರು ಮೂವರೂ ಸೇರುತ್ತಾರೆ. ಸೌದೆ ನನ್ನದು, ಅದು ಹಸಿ, ನಿರಾಕರಣೆ ತಪ್ಪು ಎಂದು ಹೇಳುತ್ತೇನೆ. ಅರ್ಜಿಯನ್ನು ಮತ್ತೆ ತೆರೆಯುತ್ತಾರೋ, ನನ್ನ ಕೆಲಸ ತೆಗೆಯುತ್ತಾರೋ, ಎರಡೂ ಮಾಡುತ್ತಾರೋ ಗೊತ್ತಿಲ್ಲ. ಹೊಸ ಫಾರಂ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಈ ಕಾಗದ ಬರೆಯುತ್ತಿರುವುದು ನಿನಗಾಗಿಯೋ ನನ್ನ ಎದೆಯ ಭಾರಕ್ಕಾಗಿಯೋ ಎಂದು ನೀನು ಕೇಳಬಹುದು, ಕೇಳು. ನೀನು ಬಾ ಎನ್ನುವ ಹಕ್ಕು ನನಗಿಲ್ಲ. ಆದರೆ ಬೀಗ ಹಾಕಿದ ಮನೆ ಇಲ್ಲಿಯ ಚಳಿಯಲ್ಲಿ ಎಷ್ಟು ದಿನ ಬಾಳುತ್ತದೆಂದು ನಿನಗೆ ಗೊತ್ತು. ನಲ್ಲಿಯ ಕೊಳವೆ ಒಡೆದರೆ ಗೋಡೆ ಹೋಗುತ್ತದೆ, ಗೋಡೆ ಹೋದರೆ ನೀವು ಬರುವುದು ಎಲ್ಲಿಗೆ?

ಅಮ್ಮನ ಕೆಮ್ಮು ಇಳಿಯಲಿ, ನಿನ್ನ ಭುಜ ಮತ್ತೆ ಮೇಲೇಳಲಿ, ನೀವಿಬ್ಬರೂ ಇರುವಲ್ಲಿ ಬೆಚ್ಚಗಿರಿ. ಸಿಟ್ಟಿದ್ದರೆ ಸಿಟ್ಟನ್ನೇ ಬರೆ, ಅದೂ ನಿನ್ನ ಕೈಬರಹದಲ್ಲೇ ಬರಲಿ.

ನಿನ್ನ ಹೊಲದಾಚೆಯ
ಮಿರೆಲ್

ತಾ.ಕ.: ಸಹಿ ಹಾಕಿ ಲಕೋಟೆ ಹುಡುಕುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಲುಡ್ಜರ್ ಮಾವ, ಟೋಪಿಯ ತುಂಬ ಹಿಮ, ಕೈಗವಸಿನ ಮೇಲೆ ಬೂದಿ. ಒಳಗೆ ಬಾ ಎಂದರೂ ಬರಲಿಲ್ಲ. ನಿನ್ನ ಮನೆಯ ಹೊಗೆ ಏನೆಂದು ಕೇಳಿದೆ. ಮೇಜಿನ ಮೇಲಿನ ಕಾಗದವನ್ನು ಒಮ್ಮೆ ನೋಡಿ, ಹೊಸ್ತಿಲ ಮೇಲೆಯೇ ನಿಂತು ಅವನು ಹೇಳಿದ್ದಿಷ್ಟು: "ಅಂಗಳದ ಮೇರಿಯಮ್ಮನ ಪ್ರತಿಮೆ ಕೆಳಗೆ ಬೀಗದ ಕೈ ಇರೋದು ಊರಿಗೆಲ್ಲ ಗೊತ್ತು. ಕೊಳವೆ ಹೆಪ್ಪುಗಟ್ಟಬಾರ್ದಲ್ಲ, ಅದಕ್ಕೆ ದಿನಾ ಹೋಗಿ ಒಲೆ ಹಚ್ತಿದೀನಿ. ನಮ್ಮನೆ ಒಣ ಸೌದೆ. ನಿಂದು ಅಲ್ಲೇ ಒಣಗ್ಲಿ, ಮುಂದಿನ ಚಳಿಗೆ ಅವ್ರಿಗೆ ಬೇಕಾಗುತ್ತೆ. ಇದನ್ನ ಅವಳಿಗೆ ಕಾಗದದಲ್ಲಿ ಬರೆಯೋದಾದ್ರೆ ಬರಿ. ನಿನ್ನ ಫಾರಂನಲ್ಲಿ ಮಾತ್ರ ಬರೀಬೇಡ ಕಣೇ."