ಬೇಗಂ ಪೊರೆ ಬಿಟ್ಟ ಮಧ್ಯಾಹ್ನ

ಜಹೀರಾಬಾದ್
೧೨ ಆಗಸ್ಟ್ ೨೦೨೫

ನನ್ನ ಮುದ್ದು, ಮಹಾದುಷ್ಟ ಗಂಡನಿಗೆ,

ಮದುವೆಯಾಗಿ ನಲವತ್ತು ದಿನಕ್ಕೆ ನನ್ನ ಮೊದಲ ಪ್ರೇಮಪತ್ರ! ಇಂಗ್ಲಿಷ್ ಮೀಡಿಯಂನವಳ ಕನ್ನಡ ನೋಡಿ ನಗಬೇಡಿ. ನಾಳೆ ನಿಮ್ಮ ತಮ್ಮ ಅಮರ ತಾಂಡೂರಿಗೆ ಬರುತ್ತಾನೆ. ರೊಟ್ಟಿಯ ಗಂಟಿನೊಳಗೆ ಇದನ್ನು ಇಡುತ್ತೇನೆ.

ನನಗೆ ನಿಮ್ಮ ಮೇಲೆ ಸಿಟ್ಟು. ಲಾರಿಗೆ ಕಲ್ಲಿನ ಲೋಡು ತುಂಬಿಸಲು ತಾಂಡೂರಿಗೆ ಹೋದವರು ಭಾನುವಾರ ಫೋನಿನಲ್ಲಿ ಕೇಳಿದ್ದೇನು? ಬೇಗಂಗೆ ನೀರು ಸಿಂಪಡಿಸಿದೆಯಾ, ಬೇಗಂ ತಲೆಕೆಳಗಾಗಿ ನೇತುಬಿದ್ದಿದ್ದಾಳಾ. ಜಾಡಿಯಲ್ಲಿ ಸಾಕಿದ ಒಂದು ಸೂರ್ಯನ ಕುದುರೆ, ಕೈಮುಗಿದಂತೆ ಕೂರುವ ಬೆರಳುದ್ದದ ಹಸಿರು ಹುಳ, ಅದು ನಿಮಗೆ ಬೇಗಂ! ನನ್ನನ್ನು ಮಾತ್ರ "ಏ, ಕೇಳಿಲ್ಲಿ" ಎಂದು ಕರೆಯುತ್ತೀರಿ. ಅತ್ತೆಯವರಂತೂ ದಿನಾ ಬೆಳಿಗ್ಗೆ, "ನಿನ್ನ ಸವತಿ ಉಂಡಾಳೇನವಾ?" ಎಂದು ಕಾಡುತ್ತಾರೆ.

ಸವತಿ ಮೂರು ದಿನ ಉಣ್ಣಲಿಲ್ಲ. "ನಮ್ಮ ಮನ್ಯಾಗ ಯಾರೂ ಉಪಾಸ ಇರಬಾರ್ದು, ಹುಳ ಆದ್ರೂ ಅಷ್ಟೇ" ಎಂದು ಅತ್ತೆಯವರು ನಿನ್ನೆ ಹಿತ್ತಲಿನಿಂದ ಮಿಡತೆ ಹಿಡಿದು ತಂದರು. ನಾನು ಅದನ್ನು ಜಾಡಿಯೊಳಗೆ ಬಿಟ್ಟೆ. ಅತ್ತೆಯ ಮಾತು ಮೀರಲಾಗಲಿಲ್ಲ ಎಂದು ಬರೆದುಬಿಡಬಹುದಿತ್ತು. ಆದರೆ ನೀವು ಹೋಗುವಾಗ ಹೇಳಿದ್ದು ನೆನಪಿತ್ತು: ಪೊರೆ ಬಿಡುವ ಮುಂಚೆ ಅವಳು ಉಣ್ಣುವುದಿಲ್ಲ, ಆಗ ಒಳಗೆ ಬೇರೆ ಹುಳ ಇದ್ದರೆ ಅವಳ ಮೆತ್ತನೆಯ ಮೈ ಕಡಿಯುತ್ತದೆ. ನೆನಪಿದ್ದೇ ಬಿಟ್ಟೆ. ಕಡಿಯಲಿ ಎಂದುಕೊಂಡೆ, ರೀ.

ಇಂದು ಮಧ್ಯಾಹ್ನ ಹೋಗಿ ನೋಡಿದರೆ ಅವಳ ಬೆನ್ನು ಸೀಳಿತ್ತು. ಸೀಳಿನಿಂದ ತಿಳಿಹಸಿರು ಮೈ ಮೆಲ್ಲಗೆ ಜಾರುತ್ತಿತ್ತು. ಕೆಳಗೆ ಕಡ್ಡಿ ಹತ್ತಿ ಮಿಡತೆ ಬರುತ್ತಿತ್ತು. ಅದನ್ನು ತೆಗೆಯಲು ಕೈ ಹಾಕಿದರೆ ಜಾಡಿ ಅಲುಗಿ ಅವಳು ಬೀಳುತ್ತಾಳೆ, ಕಾಲು ಸೊಟ್ಟಗಾಗುತ್ತದೆ. ಅವಳು ನೇತುಬಿದ್ದದ್ದು ಮುಚ್ಚಳಕ್ಕೆ ಬಿಗಿದ ಸೊಳ್ಳೆಪರದೆಗೆ. ಉಸಿರು ಹಿಡಿದು ಮುಚ್ಚಳವನ್ನೇ ಅವಳ ಸಮೇತ ನೆಟ್ಟಗೆ ಮೇಲೆತ್ತಿದೆ.

ಎತ್ತಿ ಹಾಗೇ ನಿಂತೆ. ಕುಕ್ಕರ್ ಕೂಗಿ ಕೂಗಿ ಬೇಳೆ ಸೀದುಹೋಯಿತು. ಅತ್ತೆಯವರು ಬೈಯುತ್ತಾ ಬಂದವರು ನನ್ನ ಕೈಯ ಮುಚ್ಚಳದಲ್ಲಿ ಅವಳನ್ನು ನೋಡಿದರು. ಒಲೆ ಆರಿಸಿ ಬಂದು, ಸೋತ ನನ್ನ ಮೊಣಕೈಗಳಿಗೆ ತಮ್ಮ ಎರಡೂ ಅಂಗೈ ಆನಿಸಿ, "ಅಲುಗಬ್ಯಾಡ, ಹಡಿಯಾಕತ್ತಾಳ" ಎಂದು ಪಿಸುಗುಟ್ಟಿದರು. ಮುಕ್ಕಾಲು ಗಂಟೆ! ನಾರಾಯಣಖೇಡದ ತವರಿನಲ್ಲಿ ಜಿರಲೆ ಕಂಡರೆ ಮಂಚ ಹತ್ತುತ್ತಿದ್ದವಳು ನಾನು.

ಕೊನೆಯ ಕಾಲೂ ನೆಟ್ಟಗೆ ಹೊರಬಂತು. ಒದ್ದೆ ರೆಕ್ಕೆಗಳು ಬಿಚ್ಚಿಕೊಂಡವು. ಅವಳು ಎಷ್ಟು ಚೆಂದವೆಂದರೆ ನನಗೆ ಮತ್ತೆ ಹೊಟ್ಟೆ ಉರಿಯಿತು. ಕ್ಷಮಿಸುತ್ತೀರಾ?

ನಿಮ್ಮವಳೇ,
ಶಿವಗಂಗಾ

ಮತ್ತೊಂದು ಮಾತು: ಸಂಜೆ ನೀವು ಫೋನ್ ಮಾಡಿದಾಗ ಅವಳು ಇನ್ನೂ ಪೊರೆ ಬಿಟ್ಟಿಲ್ಲ ಎಂದು ಸುಳ್ಳು ಹೇಳಿದೆ. ಈ ಪತ್ರ ನಿಮ್ಮ ಕೈಸೇರುವವರೆಗಾದರೂ ಅವಳು ನನಗೊಬ್ಬಳಿಗೇ ಬೇಕಿದ್ದಳು.